ಮುದ್ದೆ ಬಿಡಬೇಕಾ, ಸಾರು ಬಿಡಬೇಕಾ?

ಪ್ರಶ್ನೆ: ಡಾಕ್ಟರ್ ಐಬಿಎಸ್ (ಪದೇ ಪದೇ ಹೊಟ್ಟೆ ನೋವು, ಉಬ್ಬರ ತರುವ ಕರುಳಿನ ತೊಂದರೆ) ಅಂದಿದ್ದಾರೆ. ಅವರೆಕಾಳು ಸಾರು, ಮುದ್ದೆ ಉಂಡರೆ ಹೊಟ್ಟೆ ಉಬ್ಬರಿಸಿ ನುಲಿಯುತ್ತದೆ. ಮುದ್ದೆ ಬಿಡಲಾ? ಪುಡಿ, ಮಾತ್ರೆ ಏನಾದರೂ ಇದೆಯಾ?
– ಓದುಗರು, ಮಂಡ್ಯ

ಉತ್ತರ: ಸುಮ್ನೆ ಮುದ್ದೆಯನ್ನು ದೂರಬೇಡಿ, ಮೊದಲು ಸಾರನ್ನು ನೋಡಿ. ಅವರೆಕಾಳು, ಈರುಳ್ಳಿ, ಬೆಳ್ಳುಳ್ಳಿಯ ಕೆಲವು ಸಕ್ಕರೆಗಳು ಸಣ್ಣ ಕರುಳಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುತ್ತವೆ, ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಇವನ್ನು 4 ವಾರ ತಿನ್ನದೆ ಬಿಟ್ಟು, ಆಮೇಲೆ ಒಂದೊಂದಾಗಿ ತಿಂದು ನೋಡಿ. ಎಲ್ಲವನ್ನೂ ಕಾಯಂ ಬಿಡೋದು ಖಂಡಿತ ಬೇಡ. ಬೆಳ್ಳುಳ್ಳಿ ಘಮ ಬೇಕೇ ಬೇಕು ಅಲ್ವಾ? ಇಡೀ ಎಸಳನ್ನು ಒಗ್ಗರಣೆ ಎಣ್ಣೆಯಲ್ಲಿ ಬಾಡಿಸಿ, ಸಾರಿಗೆ ಹಾಕುವ ಮೊದಲೇ ತೆಗೆದುಬಿಡಿ. ಆ ಸಕ್ಕರೆ ನೀರಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗೋದಿಲ್ಲ. ಇಸಬ್‌ಗೋಲ್ (ನಾರಿನ ಪುಡಿ) ಅರ್ಧ ಚಮಚದಿಂದ ಶುರು ಮಾಡಿ, ನೀರು ಜಾಸ್ತಿ ಕುಡಿಯಿರಿ. ನುಲಿತಕ್ಕೆ ಪುದೀನಾ ಎಣ್ಣೆಯ ಕ್ಯಾಪ್ಸೂಲ್ ಕೆಲವರಿಗೆ ಹಿಡಿಸುತ್ತದೆ, ಎದೆಯುರಿ ಇದ್ದರೆ ಬೇಡ. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.