ಎಂಆರ್ ದ್ರವ ಗಟ್ಟಿಯಾಗದಿದ್ದರೆ ಮೊದಲು ಪೈಪ್ ನೋಡಿ

ಸರ್, ಮಗಳ ವಿಜ್ಞಾನ ಪ್ರದರ್ಶನಕ್ಕೆ ಎಂಆರ್ (ಮ್ಯಾಗ್ನೆಟೋರಿಯಾಲಾಜಿಕಲ್) ದ್ರವ, ಅಂದರೆ ಆಯಸ್ಕಾಂತ ಹತ್ತಿರ ತಂದರೆ ಗಟ್ಟಿಯಾಗುವ ದ್ರವ ಮಾಡೋಕೆ ಲೇತ್ ಅಂಗಡಿಯ ಕಬ್ಬಿಣದ ಪುಡಿ ಒಂದು ಚಮಚ, ಕೊಬ್ಬರಿ ಎಣ್ಣೆ ನಾಲ್ಕು ಚಮಚ ಕಲಸಿ ಜಿಐ ಪೈಪಿಗೆ ತುಂಬಿದೆ, ಹೊರಗಡೆ ಆಯಸ್ಕಾಂತ ಇಟ್ಟರೂ ಪಿಸ್ಟನ್ ಸಲೀಸಾಗಿ ಓಡಾಡುತ್ತೆ, ಬೆಳಗಾಗುವಷ್ಟರಲ್ಲಿ ಪುಡಿಯೆಲ್ಲ ತಳ ಸೇರಿತ್ತು ಅಂತ ಬರೆದಿದ್ದೀರಿ.

ಮೊದಲು ಆ ಪೈಪ್ ತೆಗೆದಿಡಿ. ಜಿಐ ಅಂದರೂ ಕಬ್ಬಿಣವೇ ತಾನೇ. ಆಯಸ್ಕಾಂತದ ಬಲವೆಲ್ಲ ಪೈಪಿನ ಗೋಡೆಯಲ್ಲೇ ಸುತ್ತಿಕೊಂಡು ಹೋಗುತ್ತೆ, ಒಳಗಿನ ದ್ರವಕ್ಕೆ ಸಿಗೋದು ಚೂರುಪಾರು. ಬದಲಿಗೆ ಸೂಜಿಯಿಲ್ಲದ 10 ಎಂಎಲ್ ಪ್ಲಾಸ್ಟಿಕ್ ಸಿರಿಂಜ್ ಎರಡು ತಗೊಂಡು, ಅಕ್ವೇರಿಯಂಗೆ ಹಾಕುವ ಗಾಳಿ ಪೈಪಿನ ತುಂಡಿನಿಂದ ಜೋಡಿಸಿ. ಒಂದನ್ನು ಒತ್ತಿದರೆ ಇನ್ನೊಂದು ಏಳಬೇಕು. ಆ ತುಂಡಿನ ಎರಡೂ ಬದಿಗೆ ನಿಯೋಡಿಮಿಯಂ ಆಯಸ್ಕಾಂತದ ಬಿಲ್ಲೆಗಳನ್ನು ಒಂದನ್ನೊಂದು ಎಳೆಯುವ ಹಾಗೆ ಇಡಿ. ಕಬ್ಬಿಣದ ಕಣಗಳು ಒಂದು ಬಿಲ್ಲೆಯಿಂದ ಇನ್ನೊಂದಕ್ಕೆ ಸರಪಳಿ ಕಟ್ಟಿ ಹರಿವಿಗೆ ಅಡ್ಡ ನಿಲ್ಲುತ್ತವೆ. ಜೋರಾಗಿ ಒತ್ತಿದರೆ ಸರಪಳಿ ಮುರಿದು ದ್ರವ ನುಗ್ಗುತ್ತೆ. ಅದು ತಪ್ಪಲ್ಲ, ಡ್ಯಾಂಪರ್ (ಕುಲುಕಾಟ ತಡೆಯುವ ಸಾಧನ) ಕೆಲಸ ಮಾಡೋದೇ ಹಾಗೆ.

ಇನ್ನು ಚಮಚದ ಲೆಕ್ಕ. ಪುಡಿ ತುಂಬಿದ ಚಮಚದಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯೇ ಇರುತ್ತೆ. ಹಾಗಾಗಿ ನಿಮ್ಮ ಮಿಶ್ರಣದಲ್ಲಿ ಕಬ್ಬಿಣ ಗಾತ್ರದಲ್ಲಿ 10 ಶೇಕಡಾನೂ ಇಲ್ಲ. ಬೇಕಿರೋದು 20ರಿಂದ 40. ತೂಕ ಮಾಡಿ: 7 ಎಂಎಲ್ ಎಣ್ಣೆಗೆ 23 ಗ್ರಾಂ ಕಬ್ಬಿಣ ಹಾಕಿದರೆ ಸುಮಾರು 30 ಶೇಕಡಾ ಆಗುತ್ತೆ. ಇಷ್ಟೊಂದಾ ಅನ್ನಿಸುತ್ತೆ, ಹಾಕಿ. ಲೇತ್ ಪುಡಿ ದಪ್ಪ, ಸಿರಿಂಜಿನ ಬಾಯಿ ಕಟ್ಟುತ್ತೆ. ಗ್ರೈಂಡರ್ ಧೂಳಿನಲ್ಲಿ ಕಲ್ಲಿನ ಪುಡಿ ಸೇರಿರುತ್ತೆ, ಅದೂ ಬೇಡ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ 300 ಮೆಶ್ (ತುಂಬಾ ಸಣ್ಣ ಕಣ್ಣಿನ ಜರಡಿ ಹಿಡಿದ) ಕಬ್ಬಿಣದ ಪುಡಿ ಕೇಳಿ.

ತಳ ಕಟ್ಟೋದು ನಿಮ್ಮೊಬ್ಬರ ಪಾಡಲ್ಲ. 1940ರ ದಶಕದಲ್ಲಿ ಅಮೆರಿಕದ ಜೇಕಬ್ ರಾಬಿನೋ ಈ ಥರದ ದ್ರವದಿಂದ ಕ್ಲಚ್ ಮಾಡಿದರು, 2002ರಲ್ಲಿ ಕ್ಯಾಡಿಲಾಕ್ ಸೆವಿಲ್ ಕಾರಿನ ಶಾಕ್ ಅಬ್ಸಾರ್ಬರಿಗೇ ಬಂತು. ಆದರೂ ಕಬ್ಬಿಣ ಎಣ್ಣೆಗಿಂತ ಎಂಟು ಪಟ್ಟು ಭಾರ ಅನ್ನೋದು ಬದಲಾಗಲಿಲ್ಲವಲ್ಲ. ಕೂತ ಪುಡಿ ಅಲ್ಲಾಡಿಸಿದಾಗ ಮತ್ತೆ ಬೆರೆತರೆ ನಮಗೆ ಸಾಕು. ಕೊಬ್ಬರಿ ಎಣ್ಣೆ ಬಿಡಿ, ಚಳಿಯ ಬೆಳಿಗ್ಗೆ ಅದೇ ಹೆಪ್ಪುಗಟ್ಟಿ, ಆಯಸ್ಕಾಂತದಿಂದ ಗಟ್ಟಿಯಾಯ್ತೋ ಚಳಿಗೋ ಅಂತ ತೀರ್ಪುಗಾರರು ಕೇಳಿದರೆ ಮಗು ಏನು ಹೇಳಬೇಕು! ಹರಳೆಣ್ಣೆ ಮಂದ, ಪುಡಿ ನಿಧಾನವಾಗಿ ಇಳಿಯುತ್ತೆ. ಬೇರಿಂಗ್ ಗ್ರೀಸ್ ಕಡಲೆಕಾಳಿನಷ್ಟು ಸೇರಿಸಿದರೆ ಇನ್ನೂ ಒಳ್ಳೆಯದು. ಎಣ್ಣೆಗೆ ಸಿರಿಂಜಿನ ರಬ್ಬರ್ ಉಬ್ಬುತ್ತೆ, ಆ ದಿನಕ್ಕೆ ಹೊಸ ಜೋಡಿ ಇಟ್ಟುಕೊಳ್ಳಿ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಫೆರೋಫ್ಲೂಯಿಡ್ (ಅತಿ ಸಣ್ಣ ಕಣಗಳ, ಆಯಸ್ಕಾಂತ ಎಳೆಯುವ ದ್ರವ) ಕೊಳ್ಳಿ ಅಂದಿದ್ದಾರೆ. ಅದರ ಕಣ ಸುಮಾರು 10 ನ್ಯಾನೋಮೀಟರ್, ತಳ ಕಟ್ಟಲ್ಲ ನಿಜ. ಮುಳ್ಳು ಮುಳ್ಳಾಗಿ ಎದ್ದು ಚಂದ ಕಾಣುತ್ತೆ, ಆದರೆ ಹೀಗೆ ಗಟ್ಟಿಯಾಗಲ್ಲ. ನಿಮ್ಮ ಕೆಲಸಕ್ಕೆ ಬರಲ್ಲ.

ವಿದ್ಯುತ್ತಿನಿಂದ ಗಟ್ಟಿಯಾಗುವುದನ್ನೂ ತೋರಿಸಬೇಕು ಅಂತ ಸೊಳ್ಳೆ ಬ್ಯಾಟ್ ಬಿಚ್ಚುವ ಮಾತಾಡಿದ್ದೀರಿ. ದಯವಿಟ್ಟು ಬೇಡ, ಸ್ವಿಚ್ ಆರಿಸಿದ ಮೇಲೂ ಅದರ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಭಾಗ) ಶಾಕ್ ಹೊಡೆಯುತ್ತೆ. ಕಾರ್ನ್‌ಫ್ಲೋರನ್ನು ಅಡುಗೆ ಎಣ್ಣೆಯಲ್ಲಿ ಕಲಸಿ ಚಮಚದಿಂದ ಸಣ್ಣಗೆ ಸುರಿಯುತ್ತಾ, ಕೂದಲಿಗೆ ಉಜ್ಜಿದ ಬಲೂನ್ ಪಕ್ಕಕ್ಕೆ ತನ್ನಿ. ಧಾರೆ ಬಾಗುತ್ತೆ, ಮಂದವಾಗುತ್ತೆ. ಮಳೆ ದಿನ ಮಾತ್ರ ಬಲೂನ್ ಕೈಕೊಡುತ್ತೆ.

ಆಯಸ್ಕಾಂತಗಳನ್ನು ಮೊದಲೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಿ. ಒಮ್ಮೆ ಪುಡಿ ಹಿಡಿದರೆ ತೆಗೆಯಕ್ಕಾಗಲ್ಲ, ನನ್ನ ಹತ್ತಿರ ಅಂಥ ಎರಡು ಕರಡಿಮರಿಗಳಿವೆ.