ಸ್ಯಾಪರ್ ಆದವನು ಯುದ್ಧ ಮಾಡುವುದಿಲ್ಲವೇ?

ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ಗೆ ಆಯ್ಕೆಯಾಗಿದೆ, ಆದರೆ ಒಕ್ಕದವರೆಲ್ಲ, ಅಂದರೆ ಮನೆತನದವರೆಲ್ಲ, ಇನ್‌ಫೆಂಟ್ರಿ (ಕಾಲಾಳು ದಳ), 'ಸೇತುವೆ ಕಟ್ಟೋಕೆ ಸೈನ್ಯ ಯಾಕೆ' ಅಂತಾರೆ, ಇದನ್ನು ಬಿಟ್ಟು ಮುಂದಿನ ಸೇನಾ ಭರ್ತಿ ರ‍್ಯಾಲಿಗೆ ಕಾಯಲಾ ಅಂತ ಕೇಳಿದ್ದೀಯ. ತಮ್ಮಾ, ಆ ಮಾತನ್ನು ನಂಬಿಯೇ ನಾನು ಬೆರಳು ಕಳೆದುಕೊಂಡೆ.

ನಾನು ವಿರಾಜಪೇಟೆ ಕಡೆಯವನು. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದೇ ಬೆಳೆದವನು. ಎಂಜಿನಿಯರ್ ದಳ ಸಿಕ್ಕಿದಾಗ ಊರಲ್ಲಿ ಹೇಳಿಕೊಳ್ಳಲು ನಾಚಿಕೆ. ಫೈರಿಂಗ್ ದಿನ ಎಲ್ಲರಿಗಿಂತ ಮುಂದಿರುತ್ತಿದ್ದೆ. ಉಕ್ಕಿನ ಸಿದ್ಧ ಚೌಕಟ್ಟುಗಳನ್ನು (ಪ್ಯಾನೆಲ್) ಜೋಡಿಸಿ ಕಟ್ಟುವ ಬೈಲಿ ಸೇತುವೆಯ ಪಾಠಕ್ಕೆ ಕಿವಿಯನ್ನೇ ಕೊಡಲಿಲ್ಲ.

ಬೈಲಿ ಪ್ಯಾನೆಲ್ 10 ಅಡಿ ಉದ್ದ, ಸುಮಾರು 260 ಕಿಲೋ ಭಾರ. ಆರು ಜನ ಎತ್ತಬೇಕು. ಎರಡು ಪ್ಯಾನೆಲ್‌ಗಳ ತುದಿ ಸೇರಿಸಿ, ತೂತಿಗೆ ತೂತು ಕೂಡಿದ ಮೇಲೆ ಪಿನ್ ಹೊಡೆಯುವುದು. ಕಣ್ಣಿಗೆ ಕೂಡಿದಂತೆ ಕಂಡರೂ ಕೂದಲೆಳೆಯಷ್ಟು ಅಂತರ ಉಳಿದಿರುತ್ತೆ. ಅದನ್ನು ಕಬ್ಬಿಣದ ಸಲಾಕೆ ತೂರಿಸಿ ನೋಡಬೇಕು, ಬೆರಳು ಮಾತ್ರ ಹಾಕಲೇಬಾರದು. ಪಾಠ ಹೇಳುವ ಉಸ್ತಾದ್ ಇದನ್ನು ಮೂರು ಸಲ ಹೇಳಿದ್ದರಂತೆ. ನಾನು ಬಲಗೈ ತೋರುಬೆರಳು ತೂರಿಸಿ 'ಚೂರು ಎತ್ತಿ' ಅಂದೆ. ಎತ್ತಿದವರ ಹಿಡಿತ ಅರ್ಧ ಇಂಚು ಜಾರಿತು. ಅಡಕತ್ತರಿಗೆ ಸಿಕ್ಕ ಅಡಿಕೆಯಂತಾಯಿತು. ಅವರದೇನೂ ತಪ್ಪಿಲ್ಲ. ಸಲಾಕೆ ನನ್ನ ಕಾಲ ಬುಡದಲ್ಲೇ ಬಿದ್ದಿತ್ತು.

ಹೋಗಿದ್ದು ಬಂದೂಕಿನ ಕುದುರೆ (ಟ್ರಿಗರ್) ಎಳೆಯುವ ಬೆರಳು. ಮೆಡಿಕಲ್ ಕೆಟಗರಿ, ಅಂದರೆ ದೈಹಿಕ ಅರ್ಹತೆಯ ದರ್ಜೆ, ಇಳಿಯಿತು. ಸ್ಟೋರಿನ ಲೆಕ್ಕ ಬರೆಯುತ್ತ ನಾಯಕ್ ಎಂಬ ಕೆಳ ದರ್ಜೆಯಲ್ಲೇ ಉಳಿದು ಪೆನ್ಶನ್‌ಗೆ ಬಂದೆ.

ನೀನು ಕೇಳಿದ ಪ್ರಶ್ನೆಯೇ ಸರಿಯಿಲ್ಲ. ಸ್ಯಾಪರ್‌ಗಳು ಯುದ್ಧದ ಹಿಂದೆ ಇರುವವರಲ್ಲ. ಮೈನ್ ತೆಗೆದು ಇನ್‌ಫೆಂಟ್ರಿಗೆ ದಾರಿ ಬಿಡಿಸುವವರು ಅವರೇ, ಬೇಕಾದಾಗ ಬಂದೂಕು ಹಿಡಿದು ಇನ್‌ಫೆಂಟ್ರಿಯಂತೆ ಕಾದುವವರೂ ಅವರೇ. 1780ರಲ್ಲಿ ಎರಡು ಪಯೋನಿಯರ್ ಕಂಪನಿಗಳಾಗಿ ಶುರುವಾದ ದಳ ಅದು. ಮುಳ್ಳುತಂತಿಯ ಕೆಳಗೆ ತಳ್ಳಿ ಸಿಡಿಸುವ ಕೊಳವೆ, 'ಬೆಂಗಳೂರು ಟಾರ್ಪಿಡೊ', 1912ರಲ್ಲಿ ಅಲ್ಲೇ ಹುಟ್ಟಿದ್ದು. ಒಕ್ಕದವರು ಮತ್ತೆ ನಕ್ಕರೆ ಜನರಲ್ ತಿಮ್ಮಯ್ಯನವರ ಹೆಸರು ತೆಗೆ. 1948ರ ನವೆಂಬರ್ 1ರಂದು ಅವರು ಲಡಾಖ್ ದಾರಿಯ ಜೋಜಿಲಾ ಕಣಿವೆಗೆ ಟ್ಯಾಂಕ್ ನುಗ್ಗಿಸಿದರು ಅಂತ ಎಲ್ಲರೂ ಎದೆಯುಬ್ಬಿಸಿ ಹೇಳುತ್ತೇವೆ. ಹೇಸರಗತ್ತೆ ಹತ್ತುವ ದಾರಿಯನ್ನು ಟ್ಯಾಂಕ್ ಹತ್ತುವಂತೆ ಮಾಡಿಕೊಟ್ಟವರು ಮದ್ರಾಸ್ ಸ್ಯಾಪರ್ಸ್.

ರ‍್ಯಾಲಿಗೆ ಕಾಯಬೇಡ, ಹೋಗು. ಅಲ್ಲಿನವರಿಗೆ 'ತಂಬಿ' (ತಮಿಳಿನಲ್ಲಿ ತಮ್ಮ) ಅಂತಲೇ ಹೆಸರು, ನಿನಗೂ ಅದೇ ಹೆಸರು ಬರುತ್ತೆ. ಸೇತುವೆ ಪಾಠದ ದಿನ ಮುಂದಿನ ಸಾಲಲ್ಲಿ ಕೂರು.

2024ರ ಜುಲೈ ಕೊನೆಗೆ ಪಕ್ಕದ ವಯನಾಡಿನಲ್ಲಿ ಗುಡ್ಡ ಕುಸಿದಾಗ ಚೂರಲ್‌ಮಲದಲ್ಲಿ 190 ಅಡಿಯ ಬೈಲಿ ಸೇತುವೆ ಎಬ್ಬಿಸಿದ್ದೂ ಇದೇ ತಂಬಿಗಳು. ಆಗಸ್ಟ್ 1ಕ್ಕೆ ಮುಗಿಸಿಯೇ ಬಿಟ್ಟರು. ಮನೆಯವರೆಲ್ಲ ಟಿವಿಯಲ್ಲಿ ಸೇತುವೆ ನೋಡುತ್ತಿದ್ದರು. ನಾನು ಆ ಹುಡುಗರ ಕೈಗಳನ್ನೇ ನೋಡುತ್ತಿದ್ದೆ.