ಮೇಳದ ಹಾಡುಗಳನ್ನು ಬಿಟ್ಟು ಓದಬಹುದೇ?

ಪ್ರಶ್ನೆ: ಬಿ.ಎಂ.ಶ್ರೀಯವರ ‘ಅಶ್ವತ್ಥಾಮನ್’ ನಾಟಕವನ್ನು ಅದರ ಹಳಗನ್ನಡಕ್ಕೆ ಹೆದರಿ ಅರ್ಧಕ್ಕೇ ಬಿಟ್ಟಿದ್ದ ನಾನು ಈಚೆಗೆ ಲಂಕೇಶರ ಅನುವಾದದಲ್ಲಿ ಸೊಫೊಕ್ಲಿಸನ ಗ್ರೀಕ್ ನಾಟಕ ‘ಅಂತಿಗೊನೆ’ ಓದಿದೆ. ಮಾತುಗಳು ಸಲೀಸಾಗಿ ಸಾಗಿದವು. ಆದರೆ ನಡುನಡುವೆ ಬರುವ ಮೇಳದ (ಕೋರಸ್‌ನ) ಹಾಡುಗಳು ಕಥೆಯನ್ನು ತಡೆಯುತ್ತವೆ ಎನಿಸಿತು. ಅವನ್ನು ಬಿಟ್ಟು ಓದಿದರೆ ನಷ್ಟವೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ನಷ್ಟವೇ, ಅದೂ ಸಣ್ಣದಲ್ಲ. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ ಡಯೊನೀಸಸ್ ದೇವರ ಉತ್ಸವದಲ್ಲಿ ಆಡುತ್ತಿದ್ದ ಈ ದುರಂತ ನಾಟಕಗಳ ಪಾತ್ರಗಳನ್ನು ಮುಖವಾಡ ಬದಲಿಸುತ್ತ ಮೂವರೇ ನಟರು ನಿರ್ವಹಿಸುತ್ತಿದ್ದರು. ಸೊಫೊಕ್ಲಿಸನ ಕಾಲಕ್ಕೆ 15 ಜನರಾಗಿದ್ದ ಮೇಳವು ವಾದ್ಯದೊಡನೆ ಹಾಡಿ ಕುಣಿಯುತ್ತಿತ್ತು. ಆ ಸಂಗೀತ ಇಂದು ಉಳಿದಿಲ್ಲ, ಪದಗಳಷ್ಟೇ ಉಳಿದಿವೆ. ನಿಮ್ಮ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡುವಾಗ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದೊಡನೆ ಜನ ಕಿವಿ ನಿಮಿರಿಸುತ್ತಾರೆ. ಅದೇ ಕಂದಪದ್ಯಗಳನ್ನು ಅಚ್ಚಿನಲ್ಲಿ ಮೌನವಾಗಿ ಓದಿದರೆ ಅವೂ ಅಡ್ಡಿಯೆಂದೇ ತೋರಬಹುದು.

‘ಅಂತಿಗೊನೆ’ಯ ಮೊದಲ ಭಾಗವನ್ನೇ ಮತ್ತೊಮ್ಮೆ ತೆರೆಯಿರಿ. ಅಂತಿಗೊನೆಯ ಸತ್ತ ಸೋದರನನ್ನು ಯಾರೂ ಹೂಳಕೂಡದೆಂಬುದು ರಾಜ ಕ್ರೆಯಾನನ ಆಜ್ಞೆ. ಆ ಹೆಣದ ಮೇಲೆ ಯಾರೋ ಮಣ್ಣು ಉದುರಿಸಿದ್ದಾರೆಂಬ ಸುದ್ದಿ ತಂದ ಕಾವಲುಗಾರ ಕ್ರೆಯಾನನಿಂದ ಬೈಸಿಕೊಂಡು, ಇನ್ನೆಂದೂ ಇತ್ತ ಸುಳಿಯಲಾರೆ ಎಂದುಕೊಂಡು ಹೋಗುತ್ತಾನೆ. ಆಗ ಮೇಳ ಹಾಡುತ್ತದೆ: ಕಡಲು ದಾಟುವ, ನೆಲ ಉಳುವ, ಗೂಳಿಗೆ ನೊಗ ಹೂಡುವ ಮನುಷ್ಯನಿಗೆ ಸಾವೊಂದನ್ನು ಬಿಟ್ಟು ಎಲ್ಲಕ್ಕೂ ಉಪಾಯ ಉಂಟು; ಆದರೆ ನೆಲದ ಕಾನೂನನ್ನೂ ದೇವರ ನ್ಯಾಯವನ್ನೂ ಮೀರಿದವನು ನಮ್ಮ ಒಲೆಯ ಬಳಿ ಬರುವುದು ಬೇಡ. ಹಾಡು ಮುಗಿಯುವಷ್ಟರಲ್ಲಿ ಅದೇ ಕಾವಲುಗಾರ ಅಂತಿಗೊನೆಯನ್ನು ಹಿಡಿದು ತರುತ್ತಾನೆ. ಹಾಡನ್ನು ಬಿಟ್ಟರೆ ಅವನು ಹೋದ ಕಾಲಿನಲ್ಲೇ ಹಿಂತಿರುಗಿದಂತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಎರಡು ಕಟ್ಟಳೆಗಳಲ್ಲಿ ನೆಲದ ಕಾನೂನನ್ನು ಅಂತಿಗೊನೆಯೂ ಸತ್ತವರನ್ನು ಹೂಳಬೇಕೆಂಬ ದೇವರ ನ್ಯಾಯವನ್ನು ಕ್ರೆಯಾನನೂ ಮೀರಿರುವಾಗ ಆ ಶಾಪ ಯಾರಿಗೆ ತಗಲುತ್ತದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ನನ್ನ ಮಟ್ಟಿಗೆ ಇಡೀ ನಾಟಕದ ಬಿಗಿ ಆ ಪ್ರಶ್ನೆಯಲ್ಲಿದೆ.

ಆದ್ದರಿಂದ ಯಾವುದೇ ಹೊಸ ಅನುವಾದವನ್ನು ಕೊಳ್ಳುವ ಮುನ್ನ ಮೇಳದ ಒಂದು ಹಾಡನ್ನೂ ಅದರ ಹಿಂದುಮುಂದಿನ ಸಂಭಾಷಣೆಯನ್ನೂ ಓದಿ ನೋಡಿ. ಎರಡರ ಲಯವೂ ಒಂದೇ ಆಗಿದ್ದರೆ ಆ ಪುಸ್ತಕ ಕಥೆಯನ್ನು ತಿಳಿಸೀತೇ ಹೊರತು ನಾಟಕವನ್ನಲ್ಲ. (ಕಂಸದೊಳಗಿನ ‘ಅಳುತ್ತ’, ‘ಕೋಪದಿಂದ’ ಮುಂತಾದ ಸೂಚನೆಗಳು ಬಹುಪಾಲು ಅನುವಾದಕರವು, ಅವಕ್ಕೆ ಕಟ್ಟುಬೀಳಬೇಕಿಲ್ಲ.)

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ.ಶ್ರೀ ಸೊಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತಕ್ಕೆ ಒಗ್ಗಿಸಿ ‘ಅಶ್ವತ್ಥಾಮನ್’ ಮಾಡಿದರು. ಮೊದಲು ‘ಏಜಾಕ್ಸ್’ನ ಕಥೆಯನ್ನು ತಿಳಿದುಕೊಂಡು, ಆಮೇಲೆ ದಿನಕ್ಕೆ ಎರಡು ಪುಟದಂತೆ ಗಟ್ಟಿಯಾಗಿ ಓದಿದರೆ ಅದರ ಹಳಗನ್ನಡ ನೀವು ಹೆದರಿದಷ್ಟು ಬಿಗಿಯಲ್ಲ.